ರೀಬಿಲ್ಡ್ ಆಗಿ ಬಂದ ಟೂ ಸ್ಟ್ರೋಕ್ ಎಂಜಿನ್ ಜಾಮ್ ಆದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವೆ,
ಎಂಜಿನ್ ರೀಬೋರಿಂಗ್ ಮತ್ತು ಕ್ರ್ಯಾಂಕ್ ವಿಭಾಗ, ಹುಬ್ಬಳ್ಳಿ

ಇವರಿಂದ,
ಗಾಡಿಯ ಜಂಟಿ ಮಾಲೀಕರು,
ಶಿರಸಿ ತಾಲೂಕು, ಉತ್ತರ ಕನ್ನಡ

ವಿಷಯ: ಪೊಲಾರಿಸ್ ಟ್ರೈಲ್ ಬಾಸ್ 250 ಎಟಿವಿಯ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) ಎಂಜಿನ್ ಕೆಲಸದಲ್ಲಾದ ಲೋಪ ಮತ್ತು ವಾರಂಟಿ ನಿರಾಕರಣೆ

ಮಾನ್ಯರೇ,

ಮೇಲ್ಕಂಡ ಗಾಡಿಯ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನನ್ನು (ಬೋರ್ ಅಂದರೆ ಸಿಲಿಂಡರಿನ ಒಳವ್ಯಾಸ 72 ಎಂಎಂ, ಸ್ಟ್ರೋಕ್ ಅಂದರೆ ಪಿಸ್ಟನ್ ಓಡಾಡುವ ಉದ್ದ 60 ಎಂಎಂ, 244 ಸಿಸಿ) ನೀವು ಪೂರ್ತಿ ರೀಬಿಲ್ಡ್ ಮಾಡಿ, ಜೋಡಿಸಿ, ಬಸ್ ಪಾರ್ಸೆಲ್‌ನಲ್ಲಿ ಕಳಿಸಿದ್ದೀರಿ. ರನ್ನಿಂಗ್-ಇನ್ (ಹೊಸ ಭಾಗಗಳು ಹೊಂದಿಕೊಳ್ಳುವ ತನಕ ನಿಧಾನವಾಗಿ ಓಡಿಸುವುದು) ಮುಗಿಯುವ ಮೊದಲೇ ಅದು ಜಾಮ್ ಆಯಿತು. ಫೋಟೊ ಸಮೇತ ಕೊಟ್ಟ ದೂರಿಗೆ ನಿಮ್ಮಿಂದ ಬಂದ ಉತ್ತರ ಒಂದೇ ಸಾಲಿನದು: ‘ಪೆಟ್ರೋಲಿಗೆ ಆಯಿಲ್ ಕಡಿಮೆ ಹಾಕಿದ್ದೀರಿ, ವಾರಂಟಿ ಬರುವುದಿಲ್ಲ.’ ಟೂ ಸ್ಟ್ರೋಕ್ ಹಿಡಿದುಕೊಂಡರೆ ಓಡಿಸಿದವನ ಆಯಿಲಿನ ಮೇಲೆ ಹಾಕಿಬಿಡುವುದು ಈ ಧಂದೆಯ ಹಳೆಯ ಚಾಳಿ. ಎಂಜಿನ್ ಬಿಚ್ಚಿ ಅಳತೆ ಹಿಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇವೆ. ದಯವಿಟ್ಟು ಇದನ್ನು ಲೇತ್ ಮೇಲೆ ಕೆಲಸ ಮಾಡಿದವರಿಗೇ ಓದಲು ಕೊಡಿ.

ಆಯಿಲಿನ ಮಾತು ಮೊದಲು ಮುಗಿಸೋಣ. ಈ ಎಂಜಿನ್ನಿಗೆ ಆಯಿಲ್ ಪಂಪ್ ಇದೆ. ಅದರ ಪೈಪಿನ ಗಾಳಿ ತೆಗೆದು, ಪಂಪ್ ಆಯಿಲ್ ಎತ್ತುತ್ತಿರುವುದನ್ನು ನೋಡಿಯೇ ಸ್ಟಾರ್ಟ್ ಮಾಡಿದ್ದು. ಅದಲ್ಲದೆ ರನ್ನಿಂಗ್-ಇನ್‌ಗೆಂದು ಟ್ಯಾಂಕಿಗೂ ಲೀಟರಿಗೆ 20 ಎಂಎಲ್‌ನಂತೆ ಜಾಸೋ ಎಫ್‌ಡಿ ದರ್ಜೆಯ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬೆರೆಸಿತ್ತು. ಆಯಿಲ್ ಸಾಲದೆ ಹಿಡಿದ ಎಂಜಿನ್ ಬಿಚ್ಚಿದರೆ ಬಿಗ್ ಎಂಡ್ (ಪಿಸ್ಟನ್ ರಾಡಿನ ಕ್ರ್ಯಾಂಕ್ ಕಡೆಯ ತುದಿ) ಸುಮ್ಮನಿರುವುದಿಲ್ಲ. ರಾಡಿನ ಕಣ್ಣು ಕಾದು ನೀಲಿಗಟ್ಟಿರುತ್ತದೆ, ರೋಲರ್ ಒಣಗಿರುತ್ತದೆ, ಪಿಸ್ಟನ್ ಸುತ್ತಲೂ ಉಜ್ಜಿರುತ್ತದೆ. ನಮ್ಮದರಲ್ಲಿ ರೋಲರ್ ಹೊಳೆಯುತ್ತಿದೆ, ಕ್ರ್ಯಾಂಕ್‌ಕೇಸಿನ ತಳದಲ್ಲಿ ಆಯಿಲ್ ನಿಂತಿದೆ, ಸಣ್ಣ ತುದಿಯ ನೀಡಲ್ ಬೇರಿಂಗ್ ಒದ್ದೆಯಾಗಿದೆ. ಪಿಸ್ಟನ್ ಕಿತ್ತುಹೋದದ್ದು ಎಕ್ಸಾಸ್ಟ್ ಕಡೆ ಮಾತ್ರ. ಇನ್‌ಟೇಕ್ ಕಡೆ ಕಂಪನಿಯ ಮೆಷಿನಿಂಗ್ ಗೆರೆ ಇನ್ನೂ ಕಾಣುತ್ತದೆ. ಸ್ಪಾರ್ಕ್ ಪ್ಲಗ್ ಸುಣ್ಣ ಬಳಿದ ಹಾಗೆ ಬಿಳಿ. ಇದು ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಎಂಜಿನ್ನಿನ ಗುರುತು.

ಆ ಗಾಳಿ ಎಲ್ಲಿಂದ ಬಂತು ಎಂಬುದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಪ್ಲೇಟಿನಿಂದ ಮುಚ್ಚಿ, ಪ್ಲಗ್ಗಿನ ತೂತಿನಿಂದ ಕೈಪಂಪಿನಲ್ಲಿ 6 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿದೆವು. ಟೂ ಸ್ಟ್ರೋಕ್ ಕೆಲಸದಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಇದು ಆರು ನಿಮಿಷ ನಿಲ್ಲಬೇಕು, ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಇಲ್ಲಿ ಗೇಜಿನ ಮುಳ್ಳು ನೋಡನೋಡುತ್ತಿದ್ದಂತೆ ಸೊನ್ನೆಗೆ ಬಂತು. ಸೋಪಿನ ನೀರು ಹಚ್ಚಿದಾಗ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲಿನಲ್ಲಿ ಗುಳ್ಳೆ ಎದ್ದವು. ಸೀಲ್ ಹೊರತೆಗೆದರೆ ತುಟಿಯಲ್ಲಿ ಒಂದು ಕಚ್ಚು. ವರ್ನಿಯರ್ ಇಟ್ಟು ನೋಡಿದೆವು, ಕಚ್ಚಿನ ಅಗಲ ಕ್ರ್ಯಾಂಕ್ ತುದಿಯಲ್ಲಿರುವ ಕೀ ಸಂದಿನ ಅಗಲಕ್ಕೆ ಸರಿಯಾಗಿ ಹೊಂದುತ್ತದೆ. ಅಂದರೆ ಸೀಲ್ ಏರಿಸುವಾಗ ಕೀ ಸಂದಿಯ ಮೇಲೆ ಟೇಪ್ ಸುತ್ತಿಲ್ಲ, ತುಟಿಗೆ ಗ್ರೀಸ್ ಹಚ್ಚಿಲ್ಲ, ಒಣ ಸೀಲನ್ನು ಹಾಗೆಯೇ ತಳ್ಳಿದ್ದಾರೆ. ಹತ್ತು ರೂಪಾಯಿ ಟೇಪಿನ ಕೆಲಸ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಸೀಲ್ ಹೋದರೆ ಆಯಿಲ್ ಸೋರುತ್ತದೆ, ಅಷ್ಟೇ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿ ಕ್ರ್ಯಾಂಕ್‌ಕೇಸಿನೊಳಗೇ ಬಂದು ಮೇಲೇರಬೇಕು. ಪಿಸ್ಟನ್ ಮೇಲೆ ಹೋದಾಗ ಕೇಸಿನಲ್ಲಿ ಹುಟ್ಟುವ ಎಳೆತ ಕಾರ್ಬುರೇಟರನ್ನು ಬಿಟ್ಟು ಹರಿದ ಸೀಲಿನಿಂದಲೂ ಗಾಳಿ ಎಳೆದುಕೊಳ್ಳುತ್ತದೆ. ಹಾಗಾದಾಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಬದಲಿಸಿದರೂ ಗಾಳಿಯ ಲೆಕ್ಕ ಸರಿಬರುವುದಿಲ್ಲ. ಮೊದಲ ಸ್ಟಾರ್ಟಿನಲ್ಲೇ ಆ್ಯಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೆಯೇ ನೇತಾಡುತ್ತಿದೆ ಎಂದು ನಿಮ್ಮ ಸರ್ವಿಸ್ ನಂಬರಿಗೆ ಅಂದೇ ತಿಳಿಸಿತ್ತು. ‘ಹೊಸ ಎಂಜಿನ್, ಸ್ವಲ್ಪ ಓಡಿದರೆ ಸೆಟ್ ಆಗುತ್ತದೆ, ಏರ್ ಸ್ಕ್ರೂ ತಿರುಗಿಸಿ’ ಎಂದರು ನಿಮ್ಮವರು. ಆರ್‌ಪಿಎಂ ನೇತಾಡುವುದು ಗಾಳಿ ಸೋರಿಕೆಯ ಮೊದಲ ಸೂಚನೆ. ಟೂ ಸ್ಟ್ರೋಕ್ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವ ಸಂಸ್ಥೆಯ ಫೋನ್ ಎತ್ತುವವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಸೀಲ್ ಒಂದೇ ಆಗಿದ್ದರೆ ಕೈತಪ್ಪು ಎಂದು ಬಿಡಬಹುದಿತ್ತು. ರಿಂಗ್ ವಿಷಯ ಹಾಗಲ್ಲ. ಪಿಸ್ಟನ್ ನೆತ್ತಿಯ ಮೇಲೆ 0.50 ಎಂದು ಅಚ್ಚಿದೆ, ಬಿಲ್ಲಿನಲ್ಲೂ 0.50 ಓವರ್‌ಸೈಜ್ (ಮೂಲ ಅಳತೆಗಿಂತ 0.50 ಎಂಎಂ ದೊಡ್ಡ) ಪಿಸ್ಟನ್ ಮತ್ತು ರಿಂಗ್ ಸೆಟ್ ಎಂದಿದೆ. ರಿಂಗಿನ ಮೇಲೆ ಮಾತ್ರ ಯಾವ ಗುರುತೂ ಇಲ್ಲ. ಸಿಲಿಂಡರಿನ ಗೀರು ಬೀಳದ ಜಾಗದಲ್ಲಿ ರಿಂಗನ್ನು ಸಮನಾಗಿ ಕೂರಿಸಿ ಫೀಲರ್ ಗೇಜ್ ಹಾಕಿದರೆ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) 1.90 ಎಂಎಂ ತೆರೆದಿದೆ. ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಎಂಬ ಸಾಮಾನ್ಯ ಲೆಕ್ಕದಲ್ಲಿ ಈ ಬೋರಿಗೆ ಇರಬೇಕಾದದ್ದು ಸುಮಾರು 0.30 ಎಂಎಂ. ವ್ಯಾಸ 0.50 ಹೆಚ್ಚಿದರೆ ಸುತ್ತಳತೆ 1.57 ಹೆಚ್ಚುತ್ತದೆ. 1.90ರಲ್ಲಿ 1.57 ಕಳೆದರೆ ಉಳಿಯುವುದು 0.33. ಹಾಕಿದ್ದು ಸ್ಟ್ಯಾಂಡರ್ಡ್ ಸೈಜಿನ ರಿಂಗ್ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಓವರ್‌ಸೈಜ್ ರಿಂಗ್ ಸ್ಟಾಕ್ ಇರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಕಾಯುತ್ತಿದ್ದೆವು. ಅಷ್ಟು ದೊಡ್ಡ ಬಾಯಿಯಿಂದ ಉರಿದ ಗ್ಯಾಸ್ ಕೆಳಗಿಳಿದು ಪಿಸ್ಟನ್ ಗೋಡೆಯ ಆಯಿಲ್ ಪದರವನ್ನೇ ಸುಡುತ್ತದೆ. ಪಿಸ್ಟನ್ನಿನ ಕಾವು ಸಿಲಿಂಡರಿಗೆ ದಾಟುವುದೂ ಬಹುಪಾಲು ರಿಂಗಿನ ಮೂಲಕವೇ. ಫ್ಯಾನ್ ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಇದೊಂದೇ ಸಾಕು, ಅದರ ಮೇಲೆ ಸೀಲಿನ ಗಾಳಿ ಬೇರೆ.

ಬೋರಿಂಗ್ ಕೂಡ ಅಳತೆಗೆ ಬಂದಿಲ್ಲ. ಅಂಟಿದ ಅಲ್ಯೂಮಿನಿಯಂ ತೆಗೆದು, ಗೀರುಗಳನ್ನು ತಪ್ಪಿಸಿ ಬೋರ್ ಗೇಜ್ ಇಟ್ಟಾಗ ಮೇಲ್ಭಾಗ 72.54, ಕೆಳಭಾಗ 72.47 ಬಂತು. ಪಿಸ್ಟನ್ ಡಬ್ಬಿಯಲ್ಲಿ ಕೇಳಿದ ಬೋರ್ 72.50. ಹೊಸದಾಗಿ ಹೊಡೆದ ಬೋರಿನಲ್ಲಿ ಮೇಲೆ ಕೆಳಗೆ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಇಲ್ಲಿ 0.07 ಇದೆ. ಬಿಸಿಯಾಗಿ ಉಬ್ಬಿದ ಪಿಸ್ಟನ್ನಿಗೆ ಕೆಳಗೆ ಜಾಗವೇ ಸಾಲದು, ಮೇಲೆ ಅದು ತೂಗಾಡುತ್ತದೆ. ಪೋರ್ಟುಗಳ ಅಂಚು ಬೋರಿಂಗ್ ಮಾಡಿದ ಹಾಗೇ ಬ್ಲೇಡಿನಂತೆ ಉಳಿದಿದೆ. ಅದನ್ನು ಸಣ್ಣ ಅರದಿಂದ ಸುತ್ತಲೂ ಓರೆ ಮಾಡಿ ಆಮೇಲೆ ಹೋನಿಂಗ್ (ಕಲ್ಲಿನಿಂದ ನಯವಾಗಿ ಉಜ್ಜುವುದು) ಕೊಡಬೇಕಿತ್ತು. ಎಕ್ಸಾಸ್ಟ್ ಪೋರ್ಟಿಗೆ ಎದುರಾಗುವ ಜಾಗದಲ್ಲಿ ಮೇಲಿನ ರಿಂಗಿನ ಅಂಚು ಚಕ್ಕೆ ಎದ್ದಿದೆ.

ಕ್ರ್ಯಾಂಕಿನಲ್ಲಿ ಹಾಕಿದ ರಾಡ್ ಕಿಟ್ ಒಳ್ಳೆಯದೇ, ಸೈಡ್ ಪ್ಲೇ ಸರಿಯಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಒತ್ತಿ ಕೂರಿಸಿದ ಮೇಲೆ ಟ್ರೂಯಿಂಗ್ (ಓಲಾಡದಂತೆ ನೆಟ್ಟಗೆ ಮಾಡುವುದು) ಮಾಡಿಲ್ಲ. ಬೇರಿಂಗ್ ಕೂರುವ ಜಾಗಗಳನ್ನು ವೀ ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿದರೆ ಮ್ಯಾಗ್ನೆಟ್ ಕಡೆಯ ತುದಿ 0.13 ಎಂಎಂ ಓಡುತ್ತದೆ, ಅಂದರೆ ತಿರುಗುವಾಗ ಅಷ್ಟು ಓಲಾಡುತ್ತದೆ. 0.03ರೊಳಗೆ ತರಬೇಕು, 0.05 ದಾಟಿದ್ದನ್ನು ಕೇಸಿನೊಳಗೆ ಹಾಕಬಾರದು. ಹೀಗೆ ಓಲಾಡುವ ತುದಿಗೆ ಹೊಸ ಸೀಲ್ ಹಾಕಿದರೂ ತುಟಿ ಬಹಳ ದಿನ ಬಾಳುವುದಿಲ್ಲ.

ನಷ್ಟ ಬಿಲ್ಲಿನಷ್ಟೇ ಅಲ್ಲ. ಎಕ್ಸಾಸ್ಟ್ ಕಡೆ ಗೀರು ಸುಮಾರು 0.15 ಎಂಎಂ ಆಳ ಇಳಿದಿದೆ. ನಡು ತಪ್ಪದೆ ಅದನ್ನು ತೆಗೆಯಲು ಬೋರ್ 72.80ರ ಮೇಲೆ ಹೋಗಲೇಬೇಕು. ಅಲ್ಲಿಗೆ 0.75 ಸೈಜು ತಪ್ಪಿಹೋಯಿತು, ನೇರವಾಗಿ 1.00 ಓವರ್‌ಸೈಜಿಗೆ. ಆಮೇಲೆ ಸಿಲಿಂಡರಿಗೆ ಹೊಸ ಒಳಕೊಳವೆ (ಸ್ಲೀವ್) ಕೂರಿಸುವುದೊಂದೇ ದಾರಿ. ಈ ಗಾಡಿ ನಾಲ್ಕು ಮನೆಯ ತೋಟಕ್ಕೆ ಸೇರಿದ್ದು. ಸೊಪ್ಪಿನ ಬೆಟ್ಟದಿಂದ ದರಕು (ಒಣಗಿದ ಎಲೆ) ಇಳಿಸುವುದು, ಮಳೆಗಾಲದಲ್ಲಿ ಬೋರ್ಡೋ ದ್ರಾವಣದ ಡ್ರಮ್ ಒಯ್ಯುವುದು, ಗೊನೆ ಕೊಯ್ಲಿನಲ್ಲಿ ಅಡಿಕೆ ಹೊರುವುದು ಎಲ್ಲ ಅದರ ಮೇಲೆಯೇ. ಕೊಳೆರೋಗದ ಎರಡನೇ ಸಿಂಪರಣೆ ಗಾಡಿ ನಿಂತಿದೆಯೆಂದು ಕಾಯುವುದಿಲ್ಲ. ಅದಕ್ಕೆಲ್ಲ ತಲೆಹೊರೆಯ ಕೂಲಿ ಕೊಟ್ಟಾಗಿದೆ.

ನಿಮ್ಮ ಬಿಲ್ಲಿನ ಒಟ್ಟು ಮೊತ್ತ 18,000 ರೂಪಾಯಿ. ಅದರಲ್ಲಿ ರಾಡ್ ಕಿಟ್ ಮತ್ತು ಪ್ರೆಸ್ಸಿಂಗಿನ 4,600 ನಾವು ಕೇಳುವುದಿಲ್ಲ. ಉಳಿದ 13,400 (ಬೋರಿಂಗ್-ಹೋನಿಂಗ್ 1,400, ಪಿಸ್ಟನ್ ಸೆಟ್ 5,200, ಸೀಲ್-ಬೇರಿಂಗ್-ಗ್ಯಾಸ್ಕೆಟ್ 3,800, ಜೋಡಣೆ 3,000) ವಾಪಸು ಕೊಡಿ. ಇಲ್ಲವೇ ನಿಮ್ಮ ಖರ್ಚಿನಲ್ಲಿ 1.00 ಓವರ್‌ಸೈಜ್ ಪಿಸ್ಟನ್, ಅದೇ ಸೈಜಿನ ಗುರುತಿರುವ ರಿಂಗ್ ಮತ್ತು ಹೊಸ ಸರ್‌ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿ ಕ್ಲಿಪ್) ಹಾಕಿ, ಕ್ರ್ಯಾಂಕ್ ಟ್ರೂ ಮಾಡಿ, ಎರಡೂ ಕಡೆಯ ಸೀಲ್ ಬದಲಿಸಿ ಕೊಡಿ. ಸರ್‌ಕ್ಲಿಪ್ಪಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಯಾವುದಾದರೂ ಸರಿ, ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ತಿಳಿಸಿ.

ಕೆಲಸವನ್ನೇ ಮಾಡಿಕೊಡುವುದಾದರೆ ಎಂಜಿನ್ ಜೊತೆ ಒಂದು ಅಳತೆ ಚೀಟಿ ಬೇಕು. ಮೇಲೆ, ನಡುವೆ, ಕೆಳಗೆ ತಲಾ ಎರಡು ದಿಕ್ಕಿನಲ್ಲಿ ಬೋರಿನ ಅಳತೆ, ಪಿನ್ನಿಗೆ ಅಡ್ಡಲಾಗಿ ಪಿಸ್ಟನ್ ಸ್ಕರ್ಟಿನ ಅಳತೆ, ರಿಂಗ್ ಬಾಯಿ, ಕ್ರ್ಯಾಂಕಿನ ಎರಡೂ ತುದಿಯ ಓಟ, ಆರು ನಿಮಿಷದ ಗಾಳಿ ಪರೀಕ್ಷೆಯ ಫಲಿತಾಂಶ, ಅಳೆದವರ ಸಹಿ. ಕಳೆದ ಸಲ ಚೀಟಿ ಕೇಳಿದ್ದಕ್ಕೆ ‘ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲವೇ’ ಎಂದಿದ್ದಿರಿ. ಈ ಸಲ ಚೀಟಿ ಇಲ್ಲದ ಎಂಜಿನ್ನನ್ನು ಪಾರ್ಸೆಲ್ ಕೌಂಟರಿನಲ್ಲೇ ಬಿಡುತ್ತೇವೆ.

ಉತ್ತರ ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದ್ದರಿಂದ ಹುಬ್ಬಳ್ಳಿಗೆ ಬನ್ನಿ ಎಂಬ ನಿಮ್ಮ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರ ನಮ್ಮನ್ನು ತಡೆಯುವುದಿಲ್ಲ. ಹರಿದ ಸೀಲ್, ರಿಂಗ್, ಪಿಸ್ಟನ್ ಮತ್ತು ಪ್ಲಗ್ ನಮ್ಮ ಬಳಿಯೇ ಇವೆ, ಪರೀಕ್ಷೆಗೆ ನಿಮ್ಮ ಜನ ಬಂದರೆ ತೋರಿಸುತ್ತೇವೆ, ಕೊಟ್ಟು ಕಳಿಸುವುದಿಲ್ಲ.

ಮತ್ತೊಂದು. ಕಳೆದ ಸಲ ಎಂಜಿನ್ ಬಂದದ್ದು ಹಳೆ ಪೇಪರ್ ಸುತ್ತಿ, ಪೋರ್ಟುಗಳ ಬಾಯಿ ತೆರೆದೇ. ನಮ್ಮ ಘಟ್ಟದ ಮಳೆಯಲ್ಲಿ ಒಣ ಬೇರಿಂಗಿಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಈ ಸಲ ಪ್ಲಗ್ಗಿನ ತೂತಿನಿಂದ ಸ್ವಲ್ಪ ಟೂಟಿ ಆಯಿಲ್ ಬಿಟ್ಟು, ಕ್ರ್ಯಾಂಕ್ ಕೈಯಿಂದ ತಿರುಗಿಸಿ, ಎರಡೂ ಬಾಯಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ಕಳಿಸಿ. ಬಸ್ ಹೊರಟ ಮೇಲೆ ಫೋನ್ ಮಾಡಿದರೆ ಶಿರಸಿ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇವೆ.

ಇಂತಿ,
ಗಾಡಿಯ ಜಂಟಿ ಮಾಲೀಕರು

ಲಗತ್ತು: ಬಿಲ್ ಪ್ರತಿ, ನಿಮ್ಮ ನಿರಾಕರಣೆಯ ಉತ್ತರ, ಅಳತೆಗಳ ಪಟ್ಟಿ, ಸೀಲ್ ಮತ್ತು ಪಿಸ್ಟನ್ ಫೋಟೊಗಳು