ಪಾಪುವನ್ನು ಕರ್ಕೊಂಡು ಹೋಗು

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ವಿಷಯಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗ್ತಾನೇ ಇಲ್ಲ. “ಹಾಲಿಡೇ ವರ್ಲ್ಡ್ ಇರೋದು ಪೂರ್ತಿ ಹಳ್ಳಿಗಾಡಿನಲ್ಲಿ ದೊಡ್ಡಮ್ಮ. ಅಲ್ಲಿ ನಮ್ಮಂಥವರು ನಾವಷ್ಟೇ ಇದ್ದು, ಎಲ್ಲರೂ ಪಾಪುವನ್ನೇ ನೋಡಿದರೆ?” ಎಂದು ಬರೆದಿದ್ದೀಯ. ಪಾಪು ಮಲಗುವ ಹೊತ್ತಿಗೂ ಆ ಮನೋರಂಜನಾ ಪಾರ್ಕಿನ ಮಾತೇ ಆಡ್ತಾಳೆ, ಆದರೂ ನಿನಗೆ ಬೇಡ ಅನ್ನಿಸ್ತಿದೆ ಅಂತಲೂ ಬರೆದಿದ್ದೀಯ.

ಯಾರೂ ನೋಡೋದೇ ಇಲ್ಲ ಎಂದು ನಾನು ಹೇಳಲಾರೆ. ನಿನಗೆ ಧೈರ್ಯ ತುಂಬಬೇಕು ಅಂತ ಸುಳ್ಳು ಬರೆಯೋದು ಬೇಡ. ಪಾರ್ಕು ಇರುವ ಇಂಡಿಯಾನಾ ರಾಜ್ಯದ ಸ್ಪೆನ್ಸರ್ ಕೌಂಟಿಯಲ್ಲಿ ಇರುವವರು ಹೆಚ್ಚಿನಂಶ ಬಿಳಿಯರೇ. ಸಾಂಟಾ ಕ್ಲಾಸ್ ಅನ್ನೋ ಆ ಊರಿನಲ್ಲಿ ಸುಮಾರು 2,500 ಜನ ಇರಬಹುದು. ಸುತ್ತ ಮೆಕ್ಕೆಜೋಳದ ಹೊಲ, ಸೋಯಾ ಹೊಲ, ಮಧ್ಯೆ ಮಧ್ಯೆ ಕಾಡು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಇಳಿದರೆ ಒಬ್ಬರಿಬ್ಬರು ತಿರುಗಿ ನೋಡಬಹುದು. ಆದರೆ ಊರಿನ ಜನ ಬೇರೆ, ಪಾರ್ಕಿನ ಒಳಗಿನ ಜನ ಬೇರೆ, ಅಲ್ವಾ? ಅಷ್ಟು ಸಣ್ಣ ಊರನ್ನೇ ನಂಬಿಕೊಂಡು ಅಂಥ ಪಾರ್ಕು ನಡೆಯುತ್ತದಾ? ನಿಮ್ಮ ಲೂಯಿವಿಲ್‌ನಿಂದ ಬರ್ತಾರೆ, ಎವನ್ಸ್‌ವಿಲ್‌ನಿಂದ ಬರ್ತಾರೆ, ಇಂಡಿಯಾನಾಪೊಲಿಸ್, ನ್ಯಾಶ್‌ವಿಲ್ ಕಡೆಯಿಂದಲೂ ಬರ್ತಾರೆ. ಐ-64 ಹೆದ್ದಾರಿ ಹತ್ತಿರದಲ್ಲೇ ಹಾದು ಹೋಗುತ್ತದೆ. ಪೇಟೆಯಲ್ಲಿ ದಿನಾ ನಿನಗೆ ಎದುರಾಗುವಂಥ ಜನವೇ ಅಲ್ಲಿಗೂ ಬಂದು ಸಾಲಿನಲ್ಲಿ ನಿಂತಿರುತ್ತಾರೆ.

ನಿನ್ನ ಅಣ್ಣ ಮಕ್ಕಳನ್ನು ಕರ್ಕೊಂಡು ಹೋಗಿದ್ದಾಗ ಒಂದಷ್ಟು ಫೋಟೋ ಕಳಿಸಿದ್ದ. ಆವತ್ತು ಮೊಮ್ಮಕ್ಕಳ ಮುಖವನ್ನಷ್ಟೇ ನೋಡಿದ್ದೆ. ನಿನ್ನ ಪತ್ರ ಬಂದ ಮೇಲೆ ಅವನ್ನೇ ಮತ್ತೆ ತೆಗೆದು ಅವರ ಹಿಂದೆ ಮುಂದೆ ಯಾರಿದ್ದಾರೆ ಅಂತ ನೋಡಿದೆ. ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ತಾಯಿ, ಕಪ್ಪು ಜನರ ಒಂದು ದೊಡ್ಡ ಕುಟುಂಬ, ಸ್ಪ್ಯಾನಿಷ್ ಅಕ್ಷರದ ಬನಿಯನ್ ಹಾಕಿಕೊಂಡ ಹುಡುಗರು, ಉಳಿದವರು ಬಿಳಿಯರು. ನಾಲ್ಕು ಫೋಟೋ ನೋಡಿ ಅಲ್ಲಿಗೆ ಎಲ್ಲ ಥರದವರೂ ಬರ್ತಾರೆ ಅಂತ ತೀರ್ಮಾನ ಮಾಡೋಕಾಗಲ್ಲ, ಗೊತ್ತು. ಆದರೂ ನನಗೆ ಎಷ್ಟೋ ಸಮಾಧಾನವಾಯಿತು.

ನಿನ್ನ ಭಯ ನನಗೆ ಹೊಸದಲ್ಲ. 80ರ ದಶಕದ ಆರಂಭದಲ್ಲಿ ನಾವು ಇಂಡಿಯಾನಾದಲ್ಲಿದ್ದಾಗ ಈ ಪಾರ್ಕಿಗೆ ಇನ್ನೂ ಸಾಂಟಾ ಕ್ಲಾಸ್ ಲ್ಯಾಂಡ್ ಅನ್ನೋ ಹೆಸರೇ ಇತ್ತು. 1984ರಲ್ಲಿ ಹಾಲಿಡೇ ವರ್ಲ್ಡ್ ಆಯಿತು. ನಿನ್ನ ಅಣ್ಣ ಆಗ ಚಿಕ್ಕವನು. ಕ್ಲಾಸಿನ ಹುಡುಗರೆಲ್ಲ ಹೋಗಿ ಬಂದಿದ್ದರು. ಅವನು ಕೇಳಿದಾಗಲೆಲ್ಲ ನಾನು ಏನಾದರೊಂದು ನೆಪ ಹೇಳ್ತಿದ್ದೆ. ಅದಕ್ಕೆ ಮುಂಚೆ ಒಂದು ಸಣ್ಣ ಊರಿನ ಬೇಸಿಗೆ ಮೇಳಕ್ಕೆ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಹೋಗಿದ್ದೆ. ಒಂದು ಮಗು ನನ್ನ ಹಣೆ ತೋರಿಸಿ “ಅದೇನು?” ಎಂದು ಕೇಳಿತು. ನಾನು ಬಗ್ಗಿ ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಅದರ ತಾಯಿ ಬಾಯಿ ಮುಚ್ಚಿಸಿ ಎಳೆದುಕೊಂಡು ಹೋದಳು. ಮಗು ನೋಡಿದ್ದು ನನಗೆ ಬೇಜಾರಾಗಲಿಲ್ಲ ಪುಟ್ಟಿ. ಆ ತಾಯಿ ನೋಡದೆ ಹೋದಳಲ್ಲ, ಅದು ನೋವಾಯಿತು. ಅವಳಿಗೆ ನಾಚಿಕೆಯೋ, ಅಸಹ್ಯವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಸಹ್ಯವೇ ಇರಬೇಕು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಆಮೇಲೆ ನಮ್ಮ ಶನಿವಾರ ಭಾನುವಾರಗಳೆಲ್ಲ ಕನ್ನಡದವರ ಮನೆಗಳಲ್ಲೇ ಕಳೆದವು. ಅಲ್ಲಿ ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಆದರೆ ಅಷ್ಟು ವರ್ಷ ಆ ದೇಶದಲ್ಲಿದ್ದು ನಾನು ಕಂಡದ್ದು ಅಂಗಡಿ, ಶಾಲೆ, ನಮ್ಮವರ ಅಡುಗೆಮನೆ, ಇಷ್ಟೇ. ನಿನ್ನ ದೊಡ್ಡಪ್ಪ ಒಂದೆರಡು ಸಲ ಮ್ಯಾಪ್ ತಂದು ಮೇಜಿನ ಮೇಲೆ ಹರಡಿದ್ದು ನೆನಪಿದೆ. ನಾನು ಮಾತು ಬದಲಾಯಿಸಿದೆ. ಅವರು ಮ್ಯಾಪ್ ಮಡಚಿಟ್ಟರು. ಈಗ ಕೇಳೋಣ ಅಂದರೆ ಅವರಿಲ್ಲ.

ಆ ಪಾರ್ಕು ಹುಟ್ಟಿದ ಕತೆ ಕೇಳು. ಸಾಂಟಾ ಕ್ಲಾಸ್ ಅನ್ನೋ ಹೆಸರು ಕೇಳಿ ಆ ಊರಿಗೆ ಮಕ್ಕಳು ಬರ್ತಿದ್ದರಂತೆ. ಬಂದು ನೋಡಿದರೆ ಅಲ್ಲಿ ಸಾಂಟಾನೇ ಇಲ್ಲ! ಎವನ್ಸ್‌ವಿಲ್‌ನ ಲೂಯಿ ಕಾಕ್ ಎಂಬ ಉದ್ಯಮಿಗೆ ಇದು ಬಹಳ ಬೇಜಾರಾಯಿತು. ಅವರೇ ಒಂಬತ್ತು ಮಕ್ಕಳ ತಂದೆ. 1946ರ ಆಗಸ್ಟ್‌ನಲ್ಲಿ ಆ ಪಾರ್ಕು ಶುರು ಮಾಡಿದರು. ಇವತ್ತಿಗೂ ಅದು ಅವರ ಕುಟುಂಬದ ಕೈಯಲ್ಲೇ ಇದೆ. ಮಕ್ಕಳ ಪೆಚ್ಚು ಮೋರೆ ನೋಡಲಾರದೆ ಕಟ್ಟಿದ ಜಾಗ ಅದು, ನನ್ನ ಮನಸ್ಸಿಗೆ ಹಿಡಿಸಿದ್ದು ಅದೇ. ಕಾರು ನಿಲ್ಲಿಸಲು ದುಡ್ಡಿಲ್ಲ, ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿಗೆ ದುಡ್ಡಿಲ್ಲ, 2000ನೇ ಇಸವಿಯಿಂದ ತಂಪು ಪಾನೀಯವೂ ಪುಕ್ಕಟೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡ. ಎಲ್ಲರ ಕೈಯಲ್ಲೂ ಅದೇ ಲೋಟ. ನಲ್ಲಿ ಹತ್ತಿರ ನಿಂತಾಗ ಪಕ್ಕದವರು “ಆ ರೈಡಿಗೆ ಹೋಗಿದ್ರಾ, ಸಾಲು ಎಷ್ಟಿದೆ?” ಅಂತ ತಾವಾಗೇ ಕೇಳ್ತಾರಂತೆ. ನಿನ್ನ ಅಣ್ಣ ಹೇಳಿದ್ದು.

ಅಲ್ಲಿ ಎಲ್ಲ ಅವರ ಹಬ್ಬಗಳೇ ಎಂದು ನಿನಗೆ ಇನ್ನೊಂದು ಅಳುಕು. ಹೌದು, ಕ್ರಿಸ್ಮಸ್, ಹ್ಯಾಲೋವೀನ್, ಥ್ಯಾಂಕ್ಸ್‌ಗಿವಿಂಗ್, ಜುಲೈ 4ರ ಅವರ ಸ್ವಾತಂತ್ರ್ಯ ದಿನ, ಒಂದೊಂದು ಹಬ್ಬಕ್ಕೆ ಒಂದೊಂದು ಭಾಗ ಮಾಡಿದ್ದಾರೆ. ಅದರಲ್ಲೇನು? ನಮ್ಮ ಕಡೆ ತೇರಿಗೆ ಪರದೇಶದವರು ಬಂದರೆ ನಾವು ಕಣ್ಣು ಕೀಳದೆ ನೋಡ್ತಿದ್ದೆವು. ಆದರೆ ಇವರು ಯಾಕೆ ಬಂದರು ಅಂತ ಯಾರ ಮನಸ್ಸಿನಲ್ಲೂ ಇರಲಿಲ್ಲ. ನಮ್ಮ ಹಬ್ಬ ನೋಡೋಕೆ ಬಂದಿದ್ದಾರಲ್ಲ ಅಂತ ಖುಷಿಯೇ ಆಗ್ತಿತ್ತು.

ಆ ಸೀಮೆಯವರೂ ಒಂದು ಕಾಲಕ್ಕೆ ಎಲ್ಲಿಂದಲೋ ಬಂದವರೇ. ಜರ್ಮನಿಯಿಂದ ಬಂದ ಒಕ್ಕಲು ಮನೆತನಗಳು ತುಂಬ ಇವೆ. ಹತ್ತಿರದ ಸೇಂಟ್ ಮೈನ್‌ರಾಡ್ ಮಠವನ್ನು 1854ರಲ್ಲಿ ಕಟ್ಟಿದವರು ಸ್ವಿಟ್ಜರ್‌ಲೆಂಡಿನ ಸನ್ಯಾಸಿಗಳು. ಪಾರ್ಕಿನಿಂದ ಕಾರಿನಲ್ಲಿ ಸ್ವಲ್ಪವೇ ದೂರದಲ್ಲಿ ಅಬ್ರಹಾಂ ಲಿಂಕನ್ ಬೆಳೆದ ಜಾಗ ಇದೆ. 1816ರಲ್ಲಿ ಕೆಂಟಕಿ ಬಿಟ್ಟು ಅಲ್ಲಿಗೆ ಬಂದಾಗ ಅವರಿಗೆ ಏಳು ವರ್ಷ, ನಮ್ಮ ಪಾಪು ವಯಸ್ಸೇ. ಇನ್ನೆರಡು ವರ್ಷಕ್ಕೆ ತಾಯಿ ತೀರಿಕೊಂಡರು. ಹಸು ವಿಷದ ಗಿಡ ಮೇಯ್ದು, ಆ ಹಾಲು ಕುಡಿದವರಿಗೆ ಬರುತ್ತಿದ್ದ ಕಾಯಿಲೆ. ಆ ತಾಯಿಯ ಸಮಾಧಿ ಅಲ್ಲೇ ಇದೆ. ಬರುವಾಗ ಹೊತ್ತಿದ್ದರೆ ಪಾಪುಗೆ ತೋರಿಸು. ಸುಸ್ತಾಗಿದ್ದರೆ ಬೇಡ.

ನೋಡು, ಮತ್ತೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಯಾರಾದರೂ ಅವಳನ್ನು ದಿಟ್ಟಿಸಿ ನೋಡಿದರೆ? ನೀನು ಅವಳ ಕೈಯನ್ನು ಬಿಗಿಯಾಗಿ ಹಿಡಿಯಬೇಡ. ಆ ಬಿಗಿ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಸುಮ್ನೆ ಒಂದು ನಗು ನಗು, “ಹಾಯ್” ಅನ್ನು. ಮುಕ್ಕಾಲುಪಾಲು ಜನ ತಿರುಗಿ ನಗ್ತಾರೆ. ನಗದವರನ್ನು ಬಿಟ್ಟುಬಿಡು. ಯಾರಾದರೂ ಕೆಟ್ಟ ಮಾತು ಆಡಿದರೆ ಮಾತ್ರ ಸಹಿಸಿಕೊಳ್ಳಬೇಡ, ಅಲ್ಲಿನ ಕೆಲಸದವರನ್ನು ಕರೆದು ಹೇಳು. ನಾನಾಗಿದ್ದರೆ ಹೇಳ್ತಿರಲಿಲ್ಲ. ನೀನು ಹೇಳು. ಇಲ್ಲಿ ಕೂತು ಬರೆಯೋದು ಸುಲಭ, ಅದು ನನಗೂ ಗೊತ್ತು.

ಇನ್ನು ಕೇಳದೆಯೇ ಒಂದೆರಡು ಮಾತು. ಆ ಊರಿನ ಗಡಿಯಾರ ಲೂಯಿವಿಲ್‌ಗಿಂತ ಒಂದು ಗಂಟೆ ಹಿಂದೆ. ಬೇಗ ಹೋಗಿ ಗೇಟಿನಲ್ಲಿ ಕಾಯಬೇಡಿ. ಬರುವಾಗ ಆ ಗಂಟೆ ಕೈಬಿಟ್ಟು ಹೋಗುತ್ತದೆ, ಊಟಕ್ಕೆ ತಡವಾಗುತ್ತದೆ. ಶನಿವಾರ ಬಿಟ್ಟು ವಾರದ ನಡುವೆ ಹೋಗಲಾದರೆ ಜನ ಕಡಿಮೆ. ಪಾರ್ಕಿನ ನೀರಾಟದ ಭಾಗಕ್ಕೆ ಯಾವ ಬಟ್ಟೆ ನಡೆಯುತ್ತೆ ಅಂತ ಮೊದಲೇ ನೋಡಿಕೋ. ಉದ್ದ ತೋಳಿನ ಈಜುಡುಗೆ ಇರುತ್ತಲ್ಲ, ನಿನಗೆ ಅದು ಸಲೀಸಾಗಬಹುದು. ನಿನ್ನ ಅತ್ತೆಯವರು ಬರೋದಾದರೆ ಸೀರೆಯಲ್ಲೇ ಬರಲಿ, ರೈಡುಗಳ ಕಡೆ ನೆರಳಲ್ಲಿ ಕೂತಿರಲಿ. ಅವರು ಕುಂಕುಮ ಒರೆಸಿಕೊಂಡು ಬರೋದು ಬೇಡ. ದಿ ವಾಯೇಜ್ ಅಂತ ಮರದ ರೋಲರ್ ಕೋಸ್ಟರ್ ಇದೆ, 6,400 ಅಡಿಗಿಂತ ಉದ್ದ. ಅದಕ್ಕೆ ಪಾಪುವಿನ ಎತ್ತರ ಸಾಲದೇ ಇರಬಹುದು. ಅಲ್ಲಿ ಹೋದ ಮೇಲೆ ಅಳದ ಹಾಗೆ ಈಗಲೇ ಹೇಳಿಡು.

ಯಾವತ್ತು ಹೋಗ್ತೀರಿ ಅಂತ ಬರಿ. ಅಳಿಯಂದಿರಿಗೆ, ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ