ಇವಿಎ ಫೋಮ್ ಎಂದು ಹೇಳಿ ಪ್ಯಾಕಿಂಗ್ ಫೋಮ್ ಕಳಿಸಿದ್ದರ ಬಗ್ಗೆ ದೂರು

ಗೆ,
ಗ್ರಾಹಕ ದೂರು ಅಧಿಕಾರಿಗಳು

ವಿಷಯ: ತಪ್ಪು ಮಾಲು, ಹಣ ವಾಪಸ್ ಮತ್ತು ನಿಮ್ಮ ಸಿಬ್ಬಂದಿಯ ನಡವಳಿಕೆ

ಮಾನ್ಯರೇ,

ಇಷ್ಟು ದಿನ ನಿಮ್ಮ ಕಾಲ್ ಸೆಂಟರ್‌ಗೆ ಮರ್ಯಾದೆಯಿಂದಲೇ ಫೋನ್ ಮಾಡಿದ್ದೇನೆ. ಇಮೇಲ್ ಹಾಕಿದ್ದೇನೆ, ಕೇಳಿದ ಫೋಟೊ ಎಲ್ಲ ಕಳಿಸಿದ್ದೇನೆ. ನಿನ್ನೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಹಣ ಬಂದಿಲ್ಲ. ಬದಲಿ ಮಾಲು ಬಂದಿಲ್ಲ. ತಪ್ಪು ಮಾಲು ನಮ್ಮ ಜಗಲಿಯಲ್ಲಿ ಹಾಗೇ ಬಿದ್ದಿದೆ. ಏನು ಪರಿಹಾರ ಆಯಿತು ಅಂತ ನೀವೇ ಹೇಳಬೇಕು.

ನಾನು ಶಿವಮೊಗ್ಗದಲ್ಲಿ ಮಕ್ಕಳ ನಾಟಕಗಳಿಗೆ ವೇಷಭೂಷಣ ಮಾಡುವವಳು. ಈ ಸಲ ದಸರಾ ಹೊತ್ತಿಗೆ ಕೆಳದಿ ಚೆನ್ನಮ್ಮನ ಕಥೆ ಆಡಿಸುತ್ತಿದ್ದೇವೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯಕ್ಕೆ ಎದುರು ನಿಂತ ರಾಣಿ ಅವಳು. ಕೆಳದಿ ಸೈನಿಕರಾಗಿ ನಿಲ್ಲುವವರು ಏಳನೇ ಕ್ಲಾಸಿನ ಮಕ್ಕಳು. ಅವರ ತಲೆಗೆ ಶಿರಸ್ತ್ರಾಣ ಬೇಕು. ಓಡಿದರೆ ಕಳಚಬಾರದು, ಬಿದ್ದರೆ ಒಡೆಯಬಾರದು, ಎರಡು ತಾಸು ಹಾಕಿಕೊಂಡರೂ ಕತ್ತು ನೋಯಬಾರದು.

ಅದಕ್ಕೆ ಇವಿಎ ಫೋಮ್, ಅಂದರೆ ಚಪ್ಪಲಿ ಅಟ್ಟೆಗೆ ಹಾಕುವಂಥ ರಬ್ಬರಿನ ಹಾಗಿರುವ ಫೋಮ್, ಬೇಕು ಅಂತ ಸುಮ್ನೆ ಆರಿಸಿದ್ದಲ್ಲ. ರಟ್ಟು ಅಗ್ಗ, ಆದರೆ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿ ಮೆತ್ತಗಾಗುತ್ತದೆ. ಕಾಗದವನ್ನು ಪದರ ಪದರವಾಗಿ ಅಂಟಿಸಿದರೆ ಚೆನ್ನಾಗಿ ಗಟ್ಟಿ ಬರುತ್ತದೆ, ಆದರೆ ಆಗಸ್ಟಿನಲ್ಲಿ ಒಣಗಬೇಕಲ್ಲ, ಅಷ್ಟರೊಳಗೆ ಬೂಸ್ಟು ಹಿಡಿಯುತ್ತದೆ. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಬಿದ್ದ ಕಡೆಯೆಲ್ಲ ಕರಗಿ ಗುಳಿ ಬೀಳುತ್ತದೆ. ಯಕ್ಷಗಾನದ ಕಿರೀಟವನ್ನು ಹಗುರ ಮರದಲ್ಲಿ ಕೆತ್ತುತ್ತಾರೆ. ಸಾಗರ, ಸೊರಬದ ಗುಡಿಗಾರರು ಬೆಂಡಿನಲ್ಲಿ ಬಾಸಿಂಗ ಮಾಡುತ್ತಾರೆ. ಅದು ಕೈ ಪಳಗಿದವರ ಕೆಲಸ, ಒಂದು ಇಡೀ ಸೈನ್ಯಕ್ಕೆ ಮಾಡಿಸುವಷ್ಟು ಸಮಯವೂ ಇಲ್ಲ, ದುಡ್ಡೂ ಇಲ್ಲ. ಉಳಿದದ್ದು ಅಡಿಕೆ ಹಾಳೆ. ತೋಟದ ಕೆಲಸಕ್ಕೆ ಹಾಕುವ ಹಾಳೆ ಟೊಪ್ಪಿಗಿಂತ ಹಗುರವಾದದ್ದು ಯಾವುದಿದೆ? ನೆನೆಸಿದರೆ ಹೇಳಿದ ಹಾಗೆ ಬಗ್ಗುತ್ತದೆ. ಆದರೆ ಒಣಗಿದ ಮೇಲೆ ನಾರಿನ ಗುಂಟ ಸೀಳುತ್ತದೆ. ಕೆನ್ನೆ ಮುಚ್ಚುವ ಪಟ್ಟಿ, ಮೇಲಿನ ಚೂಪು ತುದಿ, ಇಂಥವು ಅದರಲ್ಲಿ ನಿಲ್ಲುವುದಿಲ್ಲ. ಗಟ್ಟಿ ಇವಿಎ ಫೋಮ್ ಆದರೆ ಇದೆಲ್ಲ ತಾಪತ್ರಯ ಇಲ್ಲ. ಬ್ಲೇಡಿನಲ್ಲಿ ಕತ್ತರಿಸಬಹುದು, ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಬಾಗಿಸಿದರೆ ಆರಿದ ಮೇಲೂ ಆ ಬಾಗು ಹಾಗೇ ಉಳಿಯುತ್ತದೆ. ಮಳೆಗೆ ಹೆದರುವುದಿಲ್ಲ.

ನಿಮ್ಮ ಜಾಹೀರಾತಿನಲ್ಲಿ ಇದ್ದದ್ದು ‘ಹೈ ಡೆನ್ಸಿಟಿ ಇವಿಎ, ಒಂದು ಘನ ಮೀಟರಿಗೆ 100 ಕೆಜಿ, 10 ಮಿ.ಮೀ. ದಪ್ಪ’ ಅಂತ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಶೀಟು. ಲೆಕ್ಕ ಹಾಕಿದರೆ ಒಂದು ಶೀಟು 1 ಕೆಜಿ ತೂಗಬೇಕು. ಬಂದ ಶೀಟನ್ನು ನಮ್ಮ ಬೀದಿಯ ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. 280 ಗ್ರಾಂ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಅಂಚು ನೋಡಿದರೆ ಬರೀ ಗುಳ್ಳೆ. ಟಿವಿ ಡಬ್ಬಿಯ ಮೂಲೆಗೆ ತುಂಬುವ ಬಿಳಿ ಪಾಲಿಥೀನ್ ಫೋಮಿಗೆ ಕಪ್ಪು ಬಣ್ಣ ಕೊಟ್ಟು ಕಳಿಸಿದ್ದೀರಿ.

ಆದರೂ ಒಂದು ಶಿರಸ್ತ್ರಾಣ ಮಾಡಿ ನೋಡಿದೆ. ಬಿಸಿ ತಾಗಿದ ತಕ್ಷಣ ಮುದುಡಿ ಸುಕ್ಕಾಯಿತು. ರಬ್ಬರ್ ಸೊಲ್ಯೂಷನ್ ಎರಡೂ ಅಂಚಿಗೆ ಹಚ್ಚಿ, ಅಂಟು ಒಣಗುವವರೆಗೆ ಕಾದು, ಒತ್ತಿ ಹಿಡಿದೆ. ಪಾಲಿಥೀನಿಗೆ ಆ ಅಂಟು ಕೂರುವುದೇ ಇಲ್ಲ. ಮರುದಿನ ಅಭ್ಯಾಸದ ಹೊತ್ತಿಗೆ ನಡುವಿನ ಜೋಡಣೆ ಬಿಟ್ಟುಕೊಂಡಿತು, ಅಂಟಿನ ಪೊರೆ ಒಂದು ಕಡೆ ಪೂರ್ತಿ ಸುಲಿದು ಬಂತು. ಶಿರಸ್ತ್ರಾಣ ಹುಡುಗನ ಕಣ್ಣ ಮೇಲೆ ಜಾರಿತು. ಅವನು ಆಗ ವೇದಿಕೆಯ ಮೆಟ್ಟಿಲಿಳಿಯುತ್ತಿದ್ದ. ಪಕ್ಕದವಳು ಕೈ ಹಿಡಿಯದಿದ್ದರೆ ಬೀಳುತ್ತಿದ್ದ.

ಅದೇ ಸಂಜೆ ಫೋನ್ ಮಾಡಿದೆ. ಕೈಗೆ ಅಂಟು ಮೆತ್ತಿತ್ತು, ಹಾಗಾಗಿ ಸ್ಪೀಕರ್ ಹಾಕಿದ್ದೆ. ಸುತ್ತ ಮಕ್ಕಳಿದ್ದರು. ಮೊದಲು ಕನ್ನಡ ಬೇಕಾದರೆ ನಾಲ್ಕು ಒತ್ತಿ ಅಂದಿತು. ಒತ್ತಿದೆ. ಹಿಂದಿಯವರು ಬಂದರು. ಮತ್ತೆ ಕಾದ ಮೇಲೆ ಕನ್ನಡದ ಹುಡುಗ ಸಿಕ್ಕ. ಊರು ಕೇಳಿದ. ಶಿವಮೊಗ್ಗ ಅಂದೆ. ‘ಶಿಮೊಗ ಅಲ್ವಾ ಮೇಡಂ, ಸಿಸ್ಟಮ್‌ನಲ್ಲಿ ಶಿವಮೊಗ್ಗ ಬರ್ತಾ ಇಲ್ಲ’ ಅಂದ. ಆರ್ಡರ್ ನಂಬರ್ ಹೇಳಿದೆ, ಮತ್ತೆ ಹೇಳಿದೆ. ಯಾಕೆ ಬೇಕಿತ್ತು ಅಂತ ಕೇಳಿದ. ನಾಟಕಕ್ಕೆ ಹೆಲ್ಮೆಟ್ ಮಾಡಲು ಅಂದೆ. ‘ಹೆಲ್ಮೆಟ್‌ಗೆ ಐಎಸ್ಐ ಮಾರ್ಕ್ ಇರಬೇಕು ಮೇಡಂ, ನಾವು ಹೆಲ್ಮೆಟ್ ಸುರಕ್ಷತೆಗೆ ಜವಾಬ್ದಾರರಲ್ಲ.’ ಬೈಕಿನ ಹೆಲ್ಮೆಟ್ ಅಲ್ಲಪ್ಪ, ವೇಷದ್ದು ಅಂತ ಬಿಡಿಸಿ ಹೇಳಿದೆ. ತೂಕದ ಲೆಕ್ಕ ಹೇಳಿದೆ. ‘ನಿಮಗೆ ಹಗುರ ಬೇಕಿತ್ತು, ಇದು ಇನ್ನೂ ಹಗುರ ಇದೆಯಲ್ಲ. ಲಾಭ ಅಲ್ವಾ?’ ಅಂದ. ಹಗುರ ಒಂದೇ ಸಾಲದು, ಗಟ್ಟಿಯೂ ಇರಬೇಕು, ಅದಕ್ಕೇ 100 ಕೆಜಿ ಸಾಂದ್ರತೆಯದ್ದಕ್ಕೆ ಜಾಸ್ತಿ ಹಣ ಕೊಟ್ಟಿದ್ದು ಅಂದೆ. ಹೋಲ್ಡ್ ಮಾಡುತ್ತೇನೆ ಅಂದ. ಹೋಲ್ಡ್ ಆಗಿರಲಿಲ್ಲ. ‘ಯಾವ್ದೋ ನಾಟಕದ ಟೋಪಿಯಂತೆ ಕಣೋ, ತಲೆ ತಿಂತಾ ಇದಾಳೆ’ ಅಂತ ಪಕ್ಕದವನಿಗೆ ಹೇಳಿ ನಕ್ಕಿದ್ದು ನಮ್ಮ ಜಗಲಿಯಲ್ಲಿ ಅಷ್ಟು ಮಕ್ಕಳಿಗೂ ಕೇಳಿಸಿತು. ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಆಮೇಲೆ ನಿಮ್ಮವನು ವಾಪಸ್ ಬಂದು, ಶೀಟು ಕತ್ತರಿಸಿದ್ದೀರಿ, ರಿಟರ್ನ್ ಆಗಲ್ಲ ಅಂತ ಫೋನ್ ಇಟ್ಟ.

ಕತ್ತರಿಸಿದ್ದು ಒಂದೇ ಶೀಟು. ಕತ್ತರಿಸಿ ಬಾಗಿಸಲೆಂದೇ ಮಾರುವ ಸಾಮಾನು ಅದು. ಮಿಕ್ಕವು ಬಂದ ಹಾಗೇ ಇವೆ.

2020ರ ಇ-ಕಾಮರ್ಸ್ ನಿಯಮ ನಿಮಗೆ ಗೊತ್ತೇ ಇದೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನನಗೆ ಸ್ವೀಕೃತಿಯೇ ಬಂದಿಲ್ಲ, ನೇರವಾಗಿ ‘ಪರಿಹರಿಸಲಾಗಿದೆ’ ಬಂದಿದೆ.

ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ವಾಪಸ್ ಬೇಕು. ಶೀಟುಗಳನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ಆ ಜಾಹೀರಾತನ್ನು ತೆಗೆಯಿರಿ, ಇನ್ನೊಬ್ಬರು ಇದನ್ನೇ ನಂಬಿ ಮಕ್ಕಳ ತಲೆಗೆ ಹಾಕಬಾರದು. ಆ ಮಕ್ಕಳಿಗೆ ಲಿಖಿತವಾಗಿ ಕ್ಷಮೆ ಕೇಳಿ. ಕೊನೆಯದನ್ನು ನೀವು ಮಾಡುತ್ತೀರಿ ಅಂತ ನನಗೆ ನಂಬಿಕೆ ಇಲ್ಲ, ಆದರೂ ಕೇಳುತ್ತಿದ್ದೇನೆ.

ಇನ್ನು ನಾನು ಫೋನ್ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಒಂದು ವಾರ ನೋಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ತಕ್ಕಡಿಯ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಟ್ಟುಕೊಂಡ ಶಿರಸ್ತ್ರಾಣ ಎಲ್ಲ ಎತ್ತಿಟ್ಟಿದ್ದೇನೆ. ಸಾಗರದಿಂದ ತೀರ್ಥಹಳ್ಳಿವರೆಗೆ ನಾಟಕ ಆಡಿಸುವವರು, ಬಣ್ಣ ಹಚ್ಚುವವರು, ವೇಷ ಹೊಲಿಯುವವರು ನನಗೆ ಗೊತ್ತು. ಅವರೆಲ್ಲರಿಗೂ ಈ ಪತ್ರದ ಪ್ರತಿ ಇವತ್ತೇ ಹೋಗುತ್ತದೆ, ನಿಮ್ಮ ಕಂಪನಿಯ ಹೆಸರು ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ.

ಇತಿ,
ನಿಮ್ಮ ಗ್ರಾಹಕಿ, ಶಿವಮೊಗ್ಗ