ನೀನು ಬರೆದ ಆ ‘ಹೂಂ’ ಬಗ್ಗೆ

ಬೇಲೂರು, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಮೊನ್ನೆ ಬಂತು. ಮದುವೆಮನೆಯಲ್ಲಿ ಯಾರು ಫೋಟೋ ತೆಗೆದರು, ಬೆಂಗಳೂರಿಂದ ಹೇಗೆ ಕರೆ ಬಂತು, ನಿನ್ನ ಅಪ್ಪ ಮೊದಲು ಏನಂದ, ಆಮೇಲೆ ಏನಂದ, ಅದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಬಿಡು. ನನ್ನ ಎರಡು ರಾತ್ರಿಯ ನಿದ್ದೆ ಕೆಡಿಸಿದ್ದು ನಾಲ್ಕನೇ ಪುಟದ ಕೊನೆಯ ಸಾಲು. ಗೌರಿ ಕರು ಹಾಕಿತಾ ಅಂತ ಕೇಳಿದ ಮೇಲೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅದು. “ಅತ್ತೆ, ಇಲ್ಲಿ ಅವರು ಏನು ಹೇಳಿದರೂ ಹೂಂ ಅಂದುಬಿಡ್ತೀನಿ. ಬೇಡ ಅನ್ನೋಕೆ ಬಾಯೇ ಬರಲ್ಲ.”

ಗೌರಿ ಕರು ಹಾಕಿತು. ಹೆಣ್ಣು ಕರು, ಹಣೆ ಮೇಲೆ ಬಿಳಿ ಚುಕ್ಕೆ.

ಮಾಡೆಲಿಂಗ್ ಅಂದರೆ ನನಗೆ ಭಯ ಇಲ್ಲ ಪುಟ್ಟಿ. ಬೀದಿಯವರು ಏನಾದರೂ ಅಂದುಕೊಳ್ಳಲಿ. 16 ವರ್ಷಕ್ಕೆ 5 ಅಡಿ 9 ಇಂಚು ಬೆಳೆದೆ ಅಂತ ನಮ್ಮವರೇ ನಿನ್ನನ್ನು ತೆಂಗಿನಮರ ಅಂದರು, ನೀನು ಬೆನ್ನು ಬಗ್ಗಿಸಿಕೊಂಡು ಗೋಡೆ ಪಕ್ಕದಲ್ಲೇ ಓಡಾಡಿದೆ. ಈಗ ಅದೇ ಎತ್ತರ ನೋಡಿ ಕರೆಯುತ್ತಾರೆ. ಆ ಮಾವಿನಹಣ್ಣು ಬಣ್ಣದ ಸೀರೆಯ ಫೋಟೋದಲ್ಲಿ ನೀನು ನೆಟ್ಟಗೆ ನಿಂತಿದ್ದೀಯ. ಹಾಗೆ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ.

ಆದರೆ ಆ ಹೂಂ. ಯಾವುದಕ್ಕೆ ಹೂಂ ಅಂದೆ ಅಂತ ಪತ್ರವನ್ನು ಮತ್ತೆ ಓದಿ ಹುಡುಕಿದೆ. ಶನಿವಾರ ಕೂದಲು ಭುಜದವರೆಗೆ ಕತ್ತರಿಸುತ್ತಾರೆ, ಅದಕ್ಕೆ ಹೂಂ. ರಾತ್ರಿ ಊಟ ಬಿಡು ಅಂದರು, ಅದಕ್ಕೂ ಹೂಂ. ಶೂಟ್ ಮುಗಿಯೋದು ತಡವಾಗುತ್ತೆ, ನಿಮ್ಮ ಚಿಕ್ಕಪ್ಪ ಬಂದು ಸುಮ್ನೆ ಕೂರೋದು ಬೇಡ ಅಂದರು, ಅದಕ್ಕೂ. ಇದನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು.

ಇದನ್ನು ನಿನಗೆ ಕಲಿಸಿದವರು ನಾವೇ ಅಲ್ವಾ? ನಿನಗೆ 8 ವರ್ಷ ಇದ್ದಾಗ ಚಿಕ್ಕಮಗಳೂರಿನಲ್ಲಿ ಒಂದು ನಾಮಕರಣ ಇತ್ತು. ನಿನಗೆ ನೆನಪಿದೆಯೋ ಇಲ್ಲವೋ. ಎಲ್ಲರೂ ಹಾಡು ಹಾಡು ಅಂತ ಪೀಡಿಸಿದಾಗ ನೀನು ಬಂದು ನನ್ನ ಸೆರಗಿನ ಹಿಂದೆ ಅವಿತುಕೊಂಡೆ, ಗಟ್ಟಿಯಾಗಿ ಹಿಡಿದಿದ್ದೆ, ನಾನು ನಿನ್ನ ಬೆರಳು ಒಂದೊಂದೇ ಬಿಡಿಸಿ ಮುಂದಕ್ಕೆ ತಳ್ಳಿದೆ. “ದೊಡ್ಡವರು ಹೇಳಿದರೆ ಹೂಂ ಅನ್ನಬೇಕು” ಅಂದೆ. ನೀನು ಹಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ಹೇಳಿದ ಮಾತು ಕೇಳುವ ಹುಡುಗಿ ಅಂತ ನಾನೂ ಹೆಮ್ಮೆಪಟ್ಟೆ. ಈಗ ಆ ಬೆರಳುಗಳೇ ಕಣ್ಣಮುಂದೆ ಬರುತ್ತವೆ. ತಪ್ಪಾಯ್ತು ಪುಟ್ಟಿ.

ನಾನೂ ಹಾಗೇ ಬೆಳೆದವಳು. ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಪುಸ್ತಕದಲ್ಲಿ ಒಂದು ಸಂಬಳ, ಕೈಗೆ ಅದರ ಅರ್ಧ. ರೆವಿನ್ಯೂ ಸ್ಟ್ಯಾಂಪ್ ಮೇಲೆ ಸಹಿ ಹಾಕು ಅನ್ನುತ್ತಿದ್ದರು, ಹಾಕುತ್ತಿದ್ದೆ. ನಾಲ್ಕು ವರ್ಷ, ಪ್ರತಿ ತಿಂಗಳೂ. ನನ್ನ ಜೊತೆಗಿದ್ದ ಒಬ್ಬಳು ಮೂರನೇ ತಿಂಗಳಿಗೇ ಆಗಲ್ಲ ಸಾರ್ ಅಂದು ಬಿಟ್ಟುಹೋದಳು. ಅವಳನ್ನು ಜಗಳಗಂಟಿ ಅಂದವರಲ್ಲಿ ನಾನೂ ಇದ್ದೆ. ದುಡ್ಡು ಹೋಯಿತು ಅನ್ನುವ ಬೇಜಾರು ಯಾವತ್ತೋ ಹೋಗಿದೆ. ಅವಳನ್ನು ಹಾಗೆ ಅಂದದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ನಿನ್ನೆ ಮನಸ್ಸು ತಡೆಯದೆ ಚೆನ್ನಕೇಶವನ ಗುಡಿಗೆ ಹೋದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು ಅಂತ ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ, 42 ಮದನಿಕೆಯರನ್ನು ಎಣಿಸಿಯೂ ತೋರಿಸಿದ್ದೇನೆ. ಎಲ್ಲರೂ ಕನ್ನಡಿ ಹಿಡಿದ ದರ್ಪಣಸುಂದರಿಯ ಹತ್ತಿರವೇ ನಿಲ್ಲುತ್ತಾರೆ, ಇಷ್ಟು ವರ್ಷ ನಾನೂ ಅಲ್ಲೇ ನಿಂತೆ. ನಿನ್ನೆ ಮಾತ್ರ ಕೋತಿ ಸೆರಗು ಎಳೆಯುತ್ತಿದೆಯಲ್ಲ, ಅವಳ ಕೆಳಗೆ ನಿಂತೆ. ಅವಳು ಅದನ್ನು ಓಡಿಸಲು ಕೈ ಎತ್ತಿದ್ದಾಳೆ. ಅವಳೂ ಉಳಿದವರಷ್ಟೇ ಚೆಂದ. ಕುತ್ತಿಗೆ ನೋಯುವವರೆಗೂ ನೋಡಿದೆ.

ಉಪದೇಶ ಮಾಡುವ ಯೋಗ್ಯತೆ ನನಗೆಷ್ಟು ಇದೆಯೋ. ಆದರೂ ನಿನ್ನ ಪತ್ರ ಬಂದ ಮೇಲೆ ಫೋನಿನಲ್ಲಿ ಅದೂ ಇದೂ ಓದಿದೆ. ಇಂಗ್ಲೆಂಡಿನ ಕೇಟ್ ಮಾಸ್ ಅನ್ನುವ ದೊಡ್ಡ ಮಾಡೆಲ್ 15ನೇ ವಯಸ್ಸಿನಲ್ಲಿ ಒಂದು ಕ್ಯಾಟಲಾಗ್ ಶೂಟ್‌ಗೆ ಹೋದಾಗ, ಅಲ್ಲಿನವನ ಮಾತು ಸರಿ ಕಾಣದೆ ತನ್ನ ವಸ್ತು ಎತ್ತಿಕೊಂಡು ಓಡಿಬಂದಳಂತೆ. 2022ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹೇಳಿದ್ದಾಳೆ. ಆಗ ಅವಳಿಗೂ ಬಹಳ ನಾಚಿಕೆಯಂತೆ. ಬಾಯಿ ಬರದಿದ್ದರೆ ಕಾಲಿದೆ ಪುಟ್ಟಿ. ಎದ್ದು ಬಂದುಬಿಡು. ಕಾರಣ ಹೇಳಬೇಕಾಗಿಲ್ಲ, ನಮಗೂ ಹೇಳಬೇಕಾಗಿಲ್ಲ.

ಬೇಡ ಅನ್ನೋಕೆ ಆಗದಿದ್ದರೆ “ಅಪ್ಪನ್ನ ಕೇಳಿ ಹೇಳ್ತೀನಿ” ಅನ್ನು. ಅಷ್ಟು ಅನ್ನಬಹುದಲ್ವಾ? ಬೈದರೆ ನಿನ್ನ ಅಪ್ಪನನ್ನೇ ಬೈದುಕೊಳ್ಳಲಿ, ಅವನು ತಡಕೊಳ್ಳುತ್ತಾನೆ. ಯಾವ ಕಾಗದಕ್ಕೂ ಸಹಿ ಮಾಡಬೇಡ. 18 ತುಂಬದವರ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯೇ ಇಲ್ಲ ಅಂತ ಎದುರುಮನೆ ವಕೀಲರು ಹೇಳಿದರು. ನಿನ್ನಿಂದಲೇ ಸಹಿ ಹಾಕಿಸೋಕೆ ಅವಸರ ಮಾಡಿದರೆ ಅವರ ಬಗ್ಗೆ ಅಷ್ಟರಲ್ಲೇ ತಿಳಿದುಕೊ. ಫೋಟೋ ಆಲ್ಬಂ ಮಾಡಿಸಲು ಮೊದಲೇ ದುಡ್ಡು ಕೊಡಿ ಅಂದರೂ ಅಷ್ಟೇ. ಚಿಕ್ಕಪ್ಪ ಬರಲಿ, ಮೂಲೆಯಲ್ಲಿ ಪೇಪರ್ ಓದುತ್ತಾ ಕೂರಲಿ. ಅವನು ಬರೋದು ಬೇಡ ಅನ್ನುವ ಜಾಗಕ್ಕೆ ನೀನೂ ಹೋಗೋದು ಬೇಡ.

ಊಟದ ವಿಷಯ ಹೇಳಿದರೆ ಅತ್ತೆ ಶುರು ಮಾಡಿದಳು ಅನ್ನುತ್ತೀಯ. 2006ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಫ್ಯಾಷನ್ ಶೋದವರು ತೀರಾ ತೆಳ್ಳಗಿರುವ ಹುಡುಗಿಯರನ್ನು ವೇದಿಕೆ ಹತ್ತಿಸಲ್ಲ ಅಂದರು. ಅವರಿಟ್ಟ ಗೆರೆಯಲ್ಲಿ ಲೆಕ್ಕ ಹಾಕಿದೆ, ನಿನ್ನ ಎತ್ತರಕ್ಕೆ ಕಡೇಪಕ್ಷ 55 ಕೆ.ಜಿ. ಆಗುತ್ತದೆ. ನೀನು ಹೋಗುವಾಗ ಅಷ್ಟು ಇದ್ದೆಯಾ? ಇಲ್ಲ ಅಂತ ನನಗೆ ಗೊತ್ತು. ರಾತ್ರಿ ಒಂದು ಅಕ್ಕಿರೊಟ್ಟಿಯಾದರೂ ತಿನ್ನು ಮಗಾ. ಇನ್ನೊಂದು ಓದಿದೆ. ಗುಚ್ಚಿಯಂಥ ಬ್ರ್ಯಾಂಡ್‌ಗಳ ಒಡೆತನ ಇರುವ ಕೆರಿಂಗ್ ಕಂಪನಿ, ದೊಡ್ಡವರ ಬಟ್ಟೆಗೆ 18 ತುಂಬಿದವರನ್ನೇ ತಗೋತೀವಿ ಅಂತ 2019ರಲ್ಲಿ ಹೇಳಿದೆ. ಹಾಗಿದ್ದ ಮೇಲೆ ಈಗಲೇ ಎಲ್ಲದಕ್ಕೂ ಹೂಂ ಅನ್ನುವ ಅವಸರ ಏನಿದೆ ಹೇಳು. ಪಿಯುಸಿ ಮುಗಿಸಿಕೊಂಡು ಹೋದರೂ ನಿನ್ನ ಎತ್ತರ ಎಲ್ಲೂ ಹೋಗಲ್ಲ.

ಬಂದುಬಿಡು ಅಂತ ನಾನು ಹೇಳುತ್ತಿಲ್ಲ. ನಿನಗೆ ಅದು ಇಷ್ಟ ಅಂತ ಮೂರು ಪುಟದಲ್ಲಿ ಕಾಣುತ್ತದೆ. ಬೆಳಕು ಮುಖದ ಮೇಲೆ ಬಿದ್ದಾಗ ಹೆದರಿಕೆ ಹೋಗುತ್ತೆ ಅಂತ ಬರೆದಿದ್ದೀಯ, ಅದನ್ನು ಓದಿ ಖುಷಿಯಾಯಿತು. ನಾಲ್ಕನೇ ಪುಟಕ್ಕೆ ಬಂದ ಮೇಲೆ ಮಾತ್ರ ನನಗೆ ಬೇರೇನೂ ತೋಚುತ್ತಿಲ್ಲ.

ಒಂದು ಕೇಳುತ್ತೇನೆ, ಇದಕ್ಕೆ ಹೂಂ ಅನ್ನಲೇಬೇಕು ಅಂತಿಲ್ಲ. ದಿನಾ ರಾತ್ರಿ ಮನೆ ಸೇರಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು. ನಿನಗೆ ಫೋನಿನಲ್ಲಿ ಮಾತು ಬರಲ್ಲ ಅಂತ ಗೊತ್ತು, ಮಾತಾಡಬೇಡ. ಎರಡು ಸಲ ಕೊಟ್ಟರೆ ನಾನು ಬೆಳಗಿನ ಮೊದಲ ಬಸ್ಸು ಹತ್ತುತ್ತೇನೆ.

ಶನಿವಾರ ಕೂದಲಿನ ವಿಷಯಕ್ಕೆ ಏನಂದೆ ಅಂತ ಬರಿ. ಕತ್ತರಿಸಿದ್ದರೂ ಬರಿ, ಬೈಯಲ್ಲ. ನಿನಗೆ ಇಷ್ಟ ಇತ್ತಾ ಇಲ್ವಾ, ಅಷ್ಟು ತಿಳಿದರೆ ಸಾಕು ನನಗೆ.

ನಿನ್ನ
ಅತ್ತೆ